ತುರಚಿಯ ಉರಿ

ಹಿಂದೆ ಕಡೂರು ಜಿಲ್ಲೆಯೆಂದೇ ಪ್ರಸಿದ್ಧವಾಗಿದ್ದ ಸೀಮೆಯ ಒಂದೆಡೆ ಬಾಬಾಬುಡನ್ ಗಿರಿಶ್ರೇಣಿಯ ಮಳೆಗಾಡೂ ಇನ್ನೊಂದೆಡೆ ಪಂಚನಹಳ್ಳಿಯಂಥ ತೆಂಗು ರಾಗಿಗಳ ಬಯಲೂ ಹರಡಿರುವುದರಿಂದ, ಮೈಗೆ ಉರಿಯೆಬ್ಬಿಸುವ ಸಸ್ಯಗಳಿಗೂ ಇಲ್ಲಿ ಕೊರತೆಯಿಲ್ಲ. ಬಯಲಿನ ಬೇಲಿಗಳಲ್ಲಿ ಹಬ್ಬುವ ತುರಚಿಯು, ಪಾಶ್ಚಾತ್ಯರ ನೆಟಲ್ ಗಿಡದಂತೆಯೇ ಚುಚ್ಚುವುದಾದರೂ, ಕುಲದಿಂದ ಹರಳುಗಿಡದ ಬಂಧು. ನಸುಗುನ್ನಿಯೋ ಅವರೆಯ ವಂಶದ್ದು. ಚರಕಾದಿಗಳು ಈ ನಸುಗುನ್ನಿಯ ಬೀಜವನ್ನೇ ವೃಷ್ಯೌಷಧಗಳಲ್ಲಿ ಎಣಿಸಿದರೆಂಬುದು ಸೋಜಿಗವೇ ಸರಿ.

ಈ ಉರಿಯ ಕಾರಣವನ್ನು ಅರಸಿದವರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಮೊದಲಿಗರ ಸಾಲಿನವನು. 1665ರ ತನ್ನ ಗ್ರಂಥದಲ್ಲಿ ಆತ, ನೆಟಲಿನ ರೋಮವು ತನ್ನ ಚರ್ಮವನ್ನು ಹೊಕ್ಕು ರಸವನ್ನು ಸುರಿಯುವ ಪರಿಯನ್ನು ಸೂಕ್ಷ್ಮದರ್ಶಕದಡಿ ಕಂಡು ವರ್ಣಿಸಿದನು. ಆ ರಸದಲ್ಲಿ ಹಿಸ್ಟಮಿನ್, ಅಸಿಟೈಲ್‌ಕೋಲಿನ್ ಇವೆಯೆಂದು 1947ರಲ್ಲಿ ಎಮೆಲಿನ್ ಮತ್ತು ಫೆಲ್ಡ್‌ಬರ್ಗ್ ತೋರಿದರು. ತುರಚಿಯ ರೋಮದ ತುದಿಯಲ್ಲಿರುವುದಾದರೋ ಸುಣ್ಣದ ಆಕ್ಸಲೇಟಿನ ಹರಳಿನ ಮುಳ್ಳು.

ಸೋಂಕಿದೊಡನೆ ಉರಿ, ಕೆಂಪು, ಬಿಳಿಯ ದದ್ದು ಕಾಣಿಸಿಕೊಳ್ಳುವುವು. ಬೂದಿಯನ್ನೋ ಸಗಣಿಯನ್ನೋ ಮೆತ್ತಿ ತೊಳೆಯುವ ನಮ್ಮ ಹಿರಿಯರ ರೂಢಿಯಲ್ಲಿ, ನೆಟ್ಟ ರೋಮಗಳನ್ನು ಅಂಟಿಸಿ ಕಿತ್ತು ತೆಗೆಯುವ ವಿವೇಕವಿತ್ತು. ಆದರೆ ಕೆರೆದು ಗಾಯವಾದ ಚರ್ಮಕ್ಕೆ ಸಗಣಿ ಧನುರ್ವಾಯುವಿನ ಭಯವನ್ನು ತರುವುದರಿಂದ, ಅದನ್ನು ನಾನು ಒಪ್ಪಲಾರೆ. ಇಂದು ಅಂಟುಪಟ್ಟಿಯಿಂದ ರೋಮಗಳನ್ನೆತ್ತಿ, ಉಜ್ಜದೆ, ಸಾಬೂನು ತಣ್ಣೀರುಗಳಿಂದ ತೊಳೆದರೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಉರಿ ಶಮನವಾಗುವುದು. ಕಣ್ಣಿಗೆ ರೋಮ ಬಿದ್ದಲ್ಲಿ, ತುಟಿ ನಾಲಗೆಗಳು ಊದಿದಲ್ಲಿ, ಉಸಿರು ಕಟ್ಟಿದಲ್ಲಿ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಧಾವಿಸತಕ್ಕದ್ದು.