ದಂಡ, ಬಸ್ಕಿ, ಗುಂಡುಕಲ್ಲು: ಹೊಯ್ಸಳ ನಾಡಿನಿಂದ ಜಿಮ್‌ವರೆಗೆ

ಕಸುವು ಬೆಳೆಸಲು ಎರಡು ದಾರಿಗಳಿವೆ. ಒಂದು, ತನ್ನ ಮೈಯ ಭಾರವನ್ನೇ ಎತ್ತಿ ಇಳಿಸುವುದು. ದಂಡ, ಬಸ್ಕಿ, ಮಲ್ಲಗಂಬ, ಹಗ್ಗ ಹತ್ತುವುದು, ಸೂರ್ಯನಮಸ್ಕಾರ, ಈಗಿನ ಪುಲ್‌ಅಪ್‌ಗಳೆಲ್ಲ ಇದಕ್ಕೆ ಸೇರುತ್ತವೆ. ಇನ್ನೊಂದು, ಹೊರಗಿನ ಭಾರವನ್ನು ಎತ್ತುವುದು. ಗುಂಡುಕಲ್ಲು, ಸಂಗ್ರಾಣಿ ಕಲ್ಲು, ಮರಳಿನ ಚೀಲ, ಗದೆ, ಡಂಬೆಲ್, ಬಾರ್ಬೆಲ್‌ಗಳು ಇದರ ಸಲಕರಣೆಗಳು. ಇವೆರಡರಲ್ಲಿ ಯಾವುದು ಮೇಲು ಎಂಬ ವಾದ ಇಂದು ಪ್ರತಿ ಜಿಮ್‌ನಲ್ಲೂ ನಡೆಯುತ್ತದೆ. ಕರ್ನಾಟಕದ ಗರಡಿಗಳಲ್ಲಿ ಮಾತ್ರ ಇವೆರಡೂ ಒಂದೇ ಬೆಳಗಿನ ಎರಡು ಕೆಲಸಗಳಾಗಿದ್ದವು. ಅವು ಬೇರೆ ಬೇರೆ ಪಂಥಗಳಾದದ್ದು 20ನೆಯ ಶತಮಾನದ ಮೊದಲ ದಶಕಗಳಲ್ಲಿ. ಅವನ್ನು ಮತ್ತೆ ಒಂದುಗೂಡಿಸಿದವರಲ್ಲಿ ಬೆಂಗಳೂರಿನ ಒಬ್ಬ ಅಂಗಸಾಧಕರು ಮುಖ್ಯರು. ಬೇಲೂರು, ಹಳೇಬೀಡುಗಳ ರಾಣಿ ಶಾಂತಲೆಯ ಮೇಲೆ ಕಾದಂಬರಿ ಬರೆದವರೂ ಅವರೇ.

ಕಲ್ಲಿನಲ್ಲಿ ಉಳಿದ ಮೈಗಳು

ಹೊಯ್ಸಳರ ಲಾಂಛನವೇ ಒಂದು ಬಲಪ್ರದರ್ಶನ. ಸೊಸೆವೂರಿನಲ್ಲಿ, ಅಂದರೆ ಈಗಿನ ಅಂಗಡಿಯಲ್ಲಿ, ಮೇಲೆರಗಿದ ಹುಲಿಯನ್ನು ಗುರುವಿನ ಮಾತಿನಂತೆ ವಂಶದ ಮೂಲಪುರುಷ ಸಳ ಹೊಡೆದು ಕೊಂದನೆಂಬ ಕಥೆ ಬೇಲೂರಿನ ದೇವಾಲಯದ ಬಾಗಿಲುಗಳ ಬಳಿಯೇ ಶಿಲ್ಪವಾಗಿ ನಿಂತಿದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯ, ಅದರ ಕೆಲವೇ ವರ್ಷಗಳ ನಂತರ ದೋರಸಮುದ್ರದಲ್ಲಿ (ಈಗಿನ ಹಳೇಬೀಡಿನಲ್ಲಿ) ಆರಂಭವಾದ ಹೊಯ್ಸಳೇಶ್ವರ ದೇವಾಲಯ, 1220ರ ಅರಸೀಕೆರೆಯ ಈಶ್ವರ ದೇವಾಲಯ, ಈ ಮೂರರ ನಡುವೆ ನೂರು ವರ್ಷಗಳ ಅಂತರವಿದೆ. ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳು ಸೋಮನಾಥಪುರದ ಜೊತೆಗೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ಹಳೇಬೀಡಿನ ಗೋಡೆಯಲ್ಲಿ ಭಾರ ಎತ್ತುವ ಎರಡು ದೊಡ್ಡ ದೃಶ್ಯಗಳಿವೆ. ಒಂದರಲ್ಲಿ ಕೃಷ್ಣ ಗೋವರ್ಧನವನ್ನು ಎತ್ತಿ ಹಿಡಿದಿದ್ದಾನೆ, ಇನ್ನೊಂದರಲ್ಲಿ ರಾವಣ ಕೈಲಾಸವನ್ನು ಅಲುಗಿಸುತ್ತಿದ್ದಾನೆ. ಇವುಗಳನ್ನು ಕೆತ್ತಿದ ಶಿಲ್ಪಿಗೆ ಭಾರ ಎತ್ತುವ ಮೈ ಹೇಗಿರುತ್ತದೆಂಬುದರ ಅರಿವಿತ್ತು. ರಾವಣನ ಭಾರವೆಲ್ಲ ಬಾಗಿದ ಮೊಣಕಾಲು, ತೊಡೆಗಳ ಮೇಲೆ ಬಿದ್ದಿದೆ. ಕೃಷ್ಣ ಮಾತ್ರ ಸಲೀಸಾಗಿ ನಿಂತಿದ್ದಾನೆ. ಅತ್ತ ಬೇಲೂರಿನ ಮದನಿಕೆಯರು ಒಂದೇ ಕಾಲಿನ ಮೇಲೆ ಸೊಂಟ ತಿರುಗಿಸಿ, ತಮ್ಮದೇ ಮೈಯ ಭಾರವನ್ನು ತಾವೇ ಹಿಡಿದು ನಿಂತ ನರ್ತಕಿಯರು. ಇವರಲ್ಲಿ ಯಾರ ಮೈಯಲ್ಲೂ ಮಾಂಸಖಂಡಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ಮೈ ತುಂಬಿಕೊಂಡಿರಬೇಕು, ನುಣುಪಾಗಿರಬೇಕು ಎಂಬುದು ಆ ಕಾಲದ ಚೆಲುವಿನ ಅಳತೆ. ಗರಡಿಯ ಪೈಲ್ವಾನರ ಮೈಕಟ್ಟು ಬಹುಕಾಲ ಇದೇ ಅಳತೆಯಲ್ಲಿ ಬೆಳೆಯಿತು. ಹೊಟ್ಟೆಯ ಮೇಲೆ ಗೆರೆ ಮೂಡಬೇಕೆಂಬ ಆಸೆ ತೀರ ಈಚಿನದು.

ಭಾರಶ್ರಮ, ಸ್ತಂಭಶ್ರಮ

ತಾಲೀಮಿನ ವಿವರ ಸಿಗುವುದು ಹೊಯ್ಸಳರಿಗೆ ಆಗ ಮೇಲರಸರಾಗಿದ್ದ ಕಲ್ಯಾಣದ ಚಾಳುಕ್ಯರಲ್ಲಿ. ವಿಷ್ಣುವರ್ಧನನ ಸಮಕಾಲೀನನಾದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಅಧ್ಯಾಯವಿದೆ. ವಯಸ್ಸು ಮತ್ತು ಬಲ ನೋಡಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಅದು ವಿಂಗಡಿಸುತ್ತದೆ. ಅವರಿಗೆ ಬೇಳೆ, ಮಾಂಸ, ಹಾಲು, ಮೊಸರು, ತುಪ್ಪಗಳ ಊಟ ಹೇಳುತ್ತದೆ. ಆಮೇಲೆ ಬರುವುದು ಶ್ರಮಗಳ ಪಟ್ಟಿ: ಮರಳು ತುಂಬಿದ ಚೀಲ ಎತ್ತುವ ಭಾರಶ್ರಮ, ಮುಂಜಾನೆ ನಡೆಯುವ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ತೋಳುಗಳಿಗೆ ಬಾಹುಪೆಲ್ಲಣಕ ಶ್ರಮ, ಕಂಬದ ಮೇಲಿನ ಸ್ತಂಭಶ್ರಮ. ಮರಳಿನ ಚೀಲ, ಕಂಬ ಎರಡೂ ಒಬ್ಬನೇ ಮಲ್ಲನ ಪಾಠದಲ್ಲಿವೆ. ಒಂದರಲ್ಲಿ ಬೇರೆಯ ಭಾರವನ್ನು ನೆಲದಿಂದ ಎತ್ತಬೇಕು, ಇನ್ನೊಂದರಲ್ಲಿ ತನ್ನನ್ನೇ ನೆಲದಿಂದ ಎತ್ತಿಕೊಳ್ಳಬೇಕು. ಕುಸ್ತಿಯ ಕಣದಲ್ಲಿ ಎರಡೂ ಬೇಕಾಗುತ್ತವೆ.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಬೆಳಗನ್ನು ಬಣ್ಣಿಸಿದ್ದಾನೆ. ರಾಯ ನಸುಕಿಗೆ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಹಚ್ಚಿಸಿಕೊಂಡು, ಸುಟ್ಟ ಮಣ್ಣಿನ ಭಾರಗಳನ್ನು ಕೈಯಲ್ಲಿ ಎತ್ತುತ್ತಿದ್ದ. ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ಬೀಸಿ, ಬಳಿಕ ಒಬ್ಬ ಮಲ್ಲನ ಜೊತೆ ಸೆಣಸಿ, ಕೊನೆಗೆ ಬೆಳಕು ಹರಿಯುವತನಕ ಕುದುರೆ ಓಡಿಸುತ್ತಿದ್ದ. ಸೋಮೇಶ್ವರನ ಪಟ್ಟಿಗೆ ನಾನೂರು ವರ್ಷ ಕಳೆದಿದ್ದರೂ ಅದೇ ಮೇಳ ಇಲ್ಲಿಯೂ ಕಾಣುತ್ತದೆ.

ಗರಡಿಯ ಒಳಗೆ

ಮೈಸೂರು ಸೀಮೆಯ ಹಳೆಯ ಗರಡಿಮನೆಗಳ ಬಾಗಿಲು ಗಿಡ್ಡ, ತಲೆಬಾಗದೆ ಒಳಗೆ ಹೋಗಲಾಗದು. ಒಳಗೆ ಕೆಮ್ಮಣ್ಣಿನ ಅಖಾಡ, ಗೋಡೆಯಲ್ಲಿ ಹನುಮಂತ, ಮೂಲೆಯಲ್ಲಿ ಗದೆಗಳು ಮತ್ತು ಕಲ್ಲುಗಳು. (ತುಳುನಾಡಿನಲ್ಲಿ ಗರಡಿ ಎಂದರೆ ಕೋಟಿ ಚೆನ್ನಯರ ಆರಾಧನೆಯ ತಾಣವೂ ಹೌದು. ಅಲ್ಲಿ ಸಾಮಿನ ಮನೆ ದೈವದ ಮನೆಯಾಗಿದೆ.) ಬೆಳಗಿನ ಸಾಮು ಮಣ್ಣು ಅಗೆಯುವುದರಿಂದಲೇ ಶುರು. ಮಣ್ಣನ್ನು ಬುಡಮೇಲು ಮಾಡಿ ಹದಗೊಳಿಸುವಷ್ಟರಲ್ಲಿ ಬೆನ್ನು, ರಟ್ಟೆ, ಸೊಂಟ ಬಿಸಿಯಾಗಿರುತ್ತವೆ. ನಂತರ ದಂಡ, ಬಸ್ಕಿ. ಗರಡಿಯ ದಂಡ ಈಗಿನ ಪುಶ್‌ಅಪ್‌ನಂತೆ ಹಲಗೆಯಾಗಿ ಇಳಿದು ಹಲಗೆಯಾಗಿ ಏಳುವುದಲ್ಲ. ಸೊಂಟವನ್ನು ಮೇಲೆತ್ತಿ ಶುರುಮಾಡಿ, ಎದೆಯನ್ನು ನೆಲಕ್ಕೆ ಸವರಿಕೊಂಡು ಮುಂದೆ ಹೋಗಿ, ಹಾವಿನಂತೆ ತಲೆಯೆತ್ತಿ ಹಿಂದಕ್ಕೆ ಬರುವುದು. ಹೆಗಲಿಗೂ ಬೆನ್ನುಹುರಿಗೂ ಅದರಲ್ಲಿ ಕೆಲಸವಿದೆ.

ಇಲ್ಲಿ ಬೆಳವಣಿಗೆಯ ಲೆಕ್ಕ ಎಣಿಕೆಯಲ್ಲಿತ್ತು. ಇವತ್ತು ಐವತ್ತು ಬಸ್ಕಿ, ನಾಳೆ ಅರವತ್ತು, ವರ್ಷ ಕಳೆದರೆ ಕೆಲವು ನೂರು. ಎಣಿಕೆ ಏರಿದಂತೆ ದಮ್ಮು ಬರುತ್ತದೆ. ಎದುರಾಳಿಯನ್ನು ಎತ್ತಿ ಒಗೆಯುವ ತಾಕತ್ತಿಗೆ ಗುಂಡುಕಲ್ಲು ಇತ್ತು. ಹಳ್ಳಿಗಳಲ್ಲಿ ದೇವಸ್ಥಾನದ ಮುಂದೆ ಬಿದ್ದಿರುತ್ತಿದ್ದ ಅಂಥ ಕಲ್ಲನ್ನು ಮೊಣಕಾಲಿಗೆ, ಎದೆಗೆ, ಹೆಗಲಿಗೆ ತಂದು ಬೆನ್ನ ಹಿಂದೆ ಬೀಳಿಸಿದವನೇ ಜಟ್ಟಿ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಮತ್ತು ಚೀಲ ಎತ್ತುವ ಪಂದ್ಯಗಳು ಇಂದಿಗೂ ನಡೆಯುತ್ತವೆ. ಕಲ್ಲಿಗೆ ಒಂದು ಮಿತಿಯಿದೆ: ಅದರ ತೂಕವನ್ನು ಹೆಚ್ಚು ಕಡಿಮೆ ಮಾಡಲಾಗದು. ಈ ಕಲ್ಲು ಹಗುರಾಯಿತೆಂದರೆ ಮುಂದಿನ ಕಲ್ಲಿಗೇ ಹೋಗಬೇಕು, ಅದು ಒಮ್ಮೆಲೇ ಬಹಳ ಭಾರವಾಗಿರಬಹುದು. ನಡುವಿನ ಅಂತರ ತುಂಬಿಸುತ್ತಿದ್ದದ್ದು ದಂಡ, ಬಸ್ಕಿಯ ಎಣಿಕೆ.

ಅರಮನೆ ಈ ವಿದ್ಯೆಗೆ ಆಸರೆಯಾಗಿ ನಿಂತಿತು. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ತಿರುಚಿನಾಪಳ್ಳಿಗೆ ವೇಷ ಮರೆಸಿಕೊಂಡು ಹೋಗಿ ಅಲ್ಲಿನ ಜಟ್ಟಿಯನ್ನು ಸೋಲಿಸಿದರೆಂಬ ಕಥೆಯನ್ನು ಹಳೇ ಮೈಸೂರಿನ ಮಕ್ಕಳು ಇಂದಿಗೂ ಕೇಳಿ ಬೆಳೆಯುತ್ತಾರೆ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ಜಟ್ಟಿ ಮನೆತನದವರ ವಜ್ರಮುಷ್ಟಿ ಕಾಳಗ ಈಗಲೂ ನಡೆಯುತ್ತದೆ, ಮೊದಲ ಹನಿ ರಕ್ತ ಕಂಡೊಡನೆ ನಿಲ್ಲುತ್ತದೆ.

ಸ್ಯಾಂಡೋ ಬಂದ ಮೇಲೆ

ನಮ್ಮ ಅಂಗಡಿಗಳಲ್ಲಿ ತೋಳಿಲ್ಲದ ಬನಿಯನ್ನಿಗೆ ಇಂದಿಗೂ 'ಸ್ಯಾಂಡೋ ಬನಿಯನ್' ಎನ್ನುತ್ತಾರೆ. ಆ ಹೆಸರಿನ ಹಿಂದಿರುವವನು ಪ್ರಷ್ಯಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಹೆಸರಾದ ಯೂಜೀನ್ ಸ್ಯಾಂಡೋ (1867–1925). ಡಂಬೆಲ್ ಸಾಧನೆಯನ್ನು ಪುಸ್ತಕ, ಪತ್ರಿಕೆ, ಅಂಚೆ ಪಾಠಗಳ ಮೂಲಕ ಜಗತ್ತಿಗೆ ಹಂಚಿದವನು ಅವನು. 1904–05ರಲ್ಲಿ ಭಾರತದಲ್ಲಿ ಪ್ರದರ್ಶನಗಳನ್ನೂ ಕೊಟ್ಟ. ಹಳೆಯ ಗ್ರೀಕ್ ಶಿಲ್ಪಗಳ ಭಂಗಿಯಲ್ಲಿ ನಿಂತ ಅವನ ಫೋಟೋಗಳು ಮೈಯ ಬಗ್ಗೆ ಜನರಿಗಿದ್ದ ಕಲ್ಪನೆಯನ್ನೇ ಬದಲಿಸಿದವು. ಅದುವರೆಗೆ ಮೈಕಟ್ಟು ಕುಸ್ತಿಯ ಫಲವಾಗಿತ್ತು. ಇನ್ನು ಮುಂದೆ ಮೈಕಟ್ಟೇ ಗುರಿಯಾಯಿತು, ಕುಸ್ತಿ ಬೇಕೆಂದೇನೂ ಇರಲಿಲ್ಲ. ದಂಡ, ಬಸ್ಕಿ ಹಳ್ಳಿಯವರದು, ಡಂಬೆಲ್ ಓದಿದವರದು ಎಂಬ ಭೇದವೂ ಇದರ ಜೊತೆಗೇ ಬೆಳೆಯಿತು.

ಎದುರು ಪಂಥವೂ ಹುಟ್ಟಿತು. ನೆರೆಯ ಸಾತಾರಾ ಸೀಮೆಯ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ ಸುಮಾರು ಹತ್ತು ವರ್ಷ ಸ್ಯಾಂಡೋ ಪದ್ಧತಿಯಲ್ಲೇ ಸಾಧನೆ ಮಾಡಿದವರು. ಅನಂತರ ಅದನ್ನು ಬಿಟ್ಟು ಸೂರ್ಯನಮಸ್ಕಾರ ಹಿಡಿದು, ತಮ್ಮ ಶಾಲೆಗಳಲ್ಲೆಲ್ಲ ಅದನ್ನೇ ಕಲಿಸಿದರು. ಖರ್ಚಿಲ್ಲ, ಸಲಕರಣೆ ಬೇಡ, ಒಂದು ಚಾಪೆಯಷ್ಟು ಜಾಗ ಸಾಕು ಎಂಬುದು ಅವರ ವಾದ.

ಕೆ.ವಿ. ಅಯ್ಯರ್

ಕೋಲಾರ ಸೀಮೆಯವರಾದ ಕೆ.ವಿ. ಅಯ್ಯರ್ ಈ ಎರಡು ಪಂಥಗಳಲ್ಲಿ ಯಾವುದಕ್ಕೂ ಪೂರ್ತಿ ಸೇರಲಿಲ್ಲ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸಿದರು, ಅಂಚೆಯ ಮೂಲಕ ದೇಶವಿದೇಶದ ಶಿಷ್ಯರಿಗೆ ಪಾಠ ಕಳಿಸಿದರು. 1930ರ 'ಮಸಲ್ ಕಲ್ಟ್', 1936ರ 'ಪರ್ಫೆಕ್ಟ್ ಫಿಸೀಕ್' ಪುಸ್ತಕಗಳಲ್ಲಿ ಬಾರ್ಬೆಲ್ ಪ್ರಧಾನ. ಮರುವರ್ಷವೇ, 1937ರಲ್ಲಿ, ಸೂರ್ಯನಮಸ್ಕಾರದ ಮೇಲೆ ಪುಸ್ತಕ ಬರೆದರು. ಕಬ್ಬಿಣ ಸ್ನಾಯುವನ್ನು ಬೆಳೆಸುತ್ತದೆ, ಆಸನ ಮತ್ತು ನಮಸ್ಕಾರಗಳು ಒಳಾಂಗಗಳನ್ನು, ಬೆನ್ನುಹುರಿಯನ್ನು ಚೆನ್ನಾಗಿಡುತ್ತವೆ, ಎರಡೂ ಸೇರಿದರೇ ಪೂರ್ಣ ಸಾಧನೆ ಎಂಬುದು ಅವರ ನಿಲುವು. ಯೋಗದ ಬಗ್ಗೆ 1929ರಲ್ಲೇ ಪುಸ್ತಕ ಬರೆದಿದ್ದ ಬೆಂಗಳೂರಿನ ಸುಂದರಂ, ಅಯ್ಯರ್ ಅವರ ಒಡನಾಡಿಯಾಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಬೆಂಬಲವೂ ಅಯ್ಯರ್ ಅವರಿಗಿತ್ತು. ಅದೇ ಕಾಲದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದರು. ಇಂದು ಜಗತ್ತಿನಾದ್ಯಂತ ಬೆವರು ಹರಿಸಿ ಮಾಡುವ ಯೋಗದ ಒಂದು ದೊಡ್ಡ ಕವಲು ಅಲ್ಲಿಂದ ಹೊರಟದ್ದು. ಅದರ ಚತುರಂಗ ದಂಡಾಸನದಲ್ಲಿ ಗರಡಿಯ ದಂಡದ ಹೆಸರೂ ಇದೆ, ಚಹರೆಯೂ ಇದೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಅಯ್ಯರ್ ಅವರ ವ್ಯಾಯಾಮಶಾಲೆಯಲ್ಲಿ ಡಂಬೆಲ್ಲಿನಷ್ಟೇ ಸಾಹಿತ್ಯವೂ ಓಡಾಡಿತು. ನಾಟಕಕಾರ ಟಿ.ಪಿ. ಕೈಲಾಸಂ ಆಪ್ತರಾಗಿದ್ದರು, ರವಿ ಕಲಾವಿದರು ಎಂಬ ನಾಟಕದ ತಂಡ ಬೆಳೆಯಿತು. ಅಯ್ಯರ್ ಬರೆದ 'ರೂಪದರ್ಶಿ' ಕಲಾವಿದನೊಬ್ಬನು ಮುಖವೊಂದನ್ನು ಅರಸುವ ಕಥೆ, 'ಶಾಂತಲಾ' ವಿಷ್ಣುವರ್ಧನನ ಪಟ್ಟದರಸಿಯ ಕಥೆ. ಶಾಂತಲೆ ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆಯೆಂದು ಶಾಸನಗಳು ಹೊಗಳುತ್ತವೆ. ಮನುಷ್ಯನ ಮೈ ಎಷ್ಟು ಚೆಲುವಾಗಬಲ್ಲದೆಂದು ಬದುಕಿಡೀ ಅಳೆದವರು ಬೇಲೂರಿನ ನರ್ತಕಿಯ ಕಡೆಗೆ ತಿರುಗಿದ್ದು ನನಗೆ ಆಕಸ್ಮಿಕವಾಗಿ ತೋರುವುದಿಲ್ಲ. ಕನ್ನಡದ ಓದುಗರು ಅವರನ್ನು ಕಾದಂಬರಿಕಾರರೆಂದು ನೆನೆಯುತ್ತಾರೆ, ಯೋಗದ ಇತಿಹಾಸಕಾರರು ದೇಹದಾರ್ಢ್ಯದ ಗುರುವೆಂದು ನೆನೆಯುತ್ತಾರೆ. ಇಬ್ಬರೂ ಒಬ್ಬರೇ ಎಂಬುದು ಇನ್ನಷ್ಟು ಜನರಿಗೆ ತಿಳಿಯಬೇಕಾದ ಸಂಗತಿ.

ಎರಡರ ಗುಣ, ಮಿತಿ

ಸ್ನಾಯು ಬೆಳೆಯುವುದು ತನ್ನ ಮೇಲೆ ಬಿದ್ದ ಎಳೆತಕ್ಕೆ. ಆ ಎಳೆತ ಕಲ್ಲಿನದೋ ಮೈಯದೋ ಎಂದು ಅದು ಕೇಳುವುದಿಲ್ಲ. ಪುಶ್‌ಅಪ್ ಮಾಡುವಾಗ ಮೈತೂಕದ ಸುಮಾರು ಮೂರನೇ ಎರಡು ಭಾಗ ಕೈಗಳ ಮೇಲಿರುತ್ತದೆ, ಅಂದರೆ 60 ಕಿಲೋ ತೂಗುವವರಿಗೆ 40 ಕಿಲೋದಷ್ಟು. ಹೊಸಬರಿಗೆ ಅದು ಸಾಕಷ್ಟು ಭಾರ. ಇಪ್ಪತ್ತು, ಮೂವತ್ತು ಸಲೀಸಾದ ಮೇಲೆ ದಮ್ಮು ಹೆಚ್ಚುತ್ತದೆ, ಆದರೆ ಕಸುವಿನ ಬೆಳವಣಿಗೆ ನಿಧಾನವಾಗುತ್ತದೆ. ಆಗ ಭಂಗಿಯನ್ನು ಕಷ್ಟವಾಗಿಸಬೇಕು: ಕಾಲನ್ನು ಎತ್ತರದಲ್ಲಿಡುವುದು, ಒಂದೇ ಕೈಗೆ ಬರುವುದು, ಗೋಡೆಗೆ ಕಾಲೊರಗಿಸಿ ತಲೆಕೆಳಗಾಗಿ ಒತ್ತುವುದು. ಬಾರ್ಬೆಲ್‌ನಲ್ಲಿ ಈ ಜಾಣ್ಮೆ ಬೇಡ, ಅರ್ಧ, ಒಂದು ಕಿಲೋದ ತಟ್ಟೆ ಸೇರಿಸಿದರಾಯಿತು. ತೊಡೆ, ಬೆನ್ನಿನ ಕೆಳಭಾಗಗಳಂಥ ದೊಡ್ಡ ಸ್ನಾಯುಗಳಿಗೆ ಕಬ್ಬಿಣವೇ ಮೇಲು. ಬಸ್ಕಿಯ ಎಣಿಕೆ ಎಷ್ಟು ಏರಿದರೂ ಹೆಗಲ ಮೇಲೆ ನೂರು ಕಿಲೋ ಹೊತ್ತು ಏಳುವ ತಾಕತ್ತು ಅದರಿಂದ ಬಾರದು. ಆದರೆ ಮೈಯನ್ನು ಗಾಳಿಯಲ್ಲಿ ಹಿಡಿದಿಡುವ ಹದ, ಹೆಗಲಿನ ಸ್ಥಿರತೆ, ಹಿಡಿತಗಳು ಮಲ್ಲಗಂಬ, ಪುಲ್‌ಅಪ್‌ಗಳಿಂದ ಬರುವಷ್ಟು ಸೊಗಸಾಗಿ ಕುರ್ಚಿಯಂಥ ಯಂತ್ರದಲ್ಲಿ ಕುಳಿತರೆ ಬರುವುದಿಲ್ಲ. ಮೈತೂಕ ಹೆಚ್ಚಿದಷ್ಟೂ ಆ ಸಾಮು ದುಬಾರಿಯಾಗುತ್ತದೆ, ದೊಡ್ಡ ಪೈಲ್ವಾನರು ಪುಲ್‌ಅಪ್‌ನಲ್ಲಿ ಸೋಲುವುದು ಇದಕ್ಕೇ.

ಈಶ್ವರ ದೇವಾಲಯವಿರುವ ಅದೇ ಅರಸೀಕೆರೆಯಲ್ಲಿ ಈ ಎರಡು ಬಗೆಯ ಬಲವೂ ದುಡಿಮೆಯಲ್ಲಿದೆ. ತೋಟದಲ್ಲಿ ತೆಂಗಿನ ಮರ ಹತ್ತುವವರು ತೆಳ್ಳಗಿರುತ್ತಾರೆ. ಮಾರುಕಟ್ಟೆಯ ಅಂಗಳದಲ್ಲಿ ಕೊಬ್ಬರಿ ಮೂಟೆಗಳನ್ನು ಬೆನ್ನಿಗೇರಿಸಿ ಲಾರಿ ತುಂಬುವ ಹಮಾಲರ ಹೆಗಲು, ಕತ್ತು ದಪ್ಪ. ದುಡಿಮೆಯ ಭಾರ ಸಾಮಿನ ಭಾರದಂತಲ್ಲ ಎಂಬುದನ್ನೂ ಹೇಳಬೇಕು. ಸಾಮಿನಲ್ಲಿ ದಣಿವಾದರೆ ಬಿಡುವು ಉಂಟು, ಹಮಾಲಿಯಲ್ಲಿ ಲಾರಿ ತುಂಬುವವರೆಗೆ ಇಲ್ಲ. ಮಂಡಿ, ಸೊಂಟಗಳ ಸವೆತ ಅದರ ಬೆಲೆ.

ಈಚಿನ ವರ್ಷಗಳು

ಗರಡಿಯಿಂದ ಬಾರ್ಬೆಲ್ಲಿಗೆ ಆದ ದಾಟುವಿಕೆಯನ್ನು ಒಂದೇ ಬಾಳಿನಲ್ಲಿ ನೋಡಬೇಕೆಂದರೆ ಕುಂದಾಪುರ ಸೀಮೆಯ ಗುರುರಾಜ ಪೂಜಾರಿ ಇದ್ದಾರೆ. ಕುಸ್ತಿಯ ಆಸೆ ಹೊತ್ತಿದ್ದ ಅವರು ಉಜಿರೆಯ ಕಾಲೇಜಿನಲ್ಲಿ ವೇಟ್‌ಲಿಫ್ಟಿಂಗ್‌ಗೆ ಬಂದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಮೈತೂಕದ ಎರಡೂವರೆ ಪಟ್ಟಿನ ಹತ್ತಿರದ ಭಾರ ತಲೆಯ ಮೇಲೆ ಹೋಯಿತು. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚು ಪಡೆದರು.

ಗರಡಿಯ ಗಿಡ್ಡ ಬಾಗಿಲು ಹೆಂಗಸರಿಗೆ ಬಹುಕಾಲ ತೆರೆಯಲೇ ಇಲ್ಲ, ಅದು ಈ ಪರಂಪರೆಯ ದೊಡ್ಡ ಕೊರತೆ. ಅವರಿಗೆ ದಾರಿ ಬಿಟ್ಟದ್ದರಲ್ಲಿ ಕಬ್ಬಿಣದ ಪಾಲೂ ಇದೆ. ಒಲಿಂಪಿಕ್ಸ್‌ಗೆ ಮಹಿಳಾ ವೇಟ್‌ಲಿಫ್ಟಿಂಗ್ ಸೇರಿದ 2000ದ ಸಿಡ್ನಿ ಕೂಟದಲ್ಲೇ ಆಂಧ್ರದ ಕರ್ಣಂ ಮಲ್ಲೇಶ್ವರಿ 240 ಕಿಲೋ ಎತ್ತಿ ಕಂಚು ತಂದರು. ಈಗ ಮೈಸೂರು ದಸರಾ ಕುಸ್ತಿಯಲ್ಲಿ ಹುಡುಗಿಯರಿಗೂ 'ದಸರಾ ಕಿಶೋರಿ' ಬಿರುದಿದೆ. ಹಳಿಯಾಳ, ಗದಗ ಸೀಮೆಗಳಿಂದ ಬರುವ ಹುಡುಗಿಯರು ಬೆಳಗ್ಗೆ ಹಗ್ಗ ಹತ್ತಿ ಬಸ್ಕಿ ಹೊಡೆಯುತ್ತಾರೆ, ಸಂಜೆ ಬಾರ್ಬೆಲ್ ಹಿಡಿಯುತ್ತಾರೆ, ಮ್ಯಾಟ್ ಮೇಲೆ ಪಟ್ಟು ಕಲಿಯುತ್ತಾರೆ.