ಕೋಷ್ಟಕ ವಿನ್ಯಾಸ, ಜಾಲಪುಟಗಳಲ್ಲಿ

ಅಂಕಿಅಂಶ, ವೇಳಾಪಟ್ಟಿ, ಬೆಲೆಪಟ್ಟಿ, ಪರೀಕ್ಷಾ ಫಲಿತಾಂಶ ಮುಂತಾದವನ್ನು ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ಜೋಡಿಸಿ ಜಾಲಪುಟದಲ್ಲಿ ತೋರಿಸುವ ರಚನೆಯೇ ಕೋಷ್ಟಕ ಅಥವಾ ಟೇಬಲ್. ರಚನೆಯನ್ನು ಬರೆಯುವುದು ಎಚ್‌ಟಿಎಂಎಲ್‌ನಲ್ಲಿ. ಗೆರೆ, ಬಣ್ಣ, ಅಗಲ, ಅಂತರಗಳನ್ನು ಗೊತ್ತುಮಾಡುವುದು ಸಿಎಸ್‌ಎಸ್ ಎಂಬ ಸ್ಟೈಲ್‌ಶೀಟ್‌ನಲ್ಲಿ. ಕೆಲಸದ ಈ ಹಂಚಿಕೆ ಇಂದು ಸಹಜವೆನಿಸಿದರೂ ಅದು ನೆಲೆಗೊಳ್ಳಲು ಹದಿನೈದು ವರ್ಷಗಳಷ್ಟು ಕಾಲ ಹಿಡಿಯಿತು. ಸ್ಟೈಲ್‌ಶೀಟಿಗಿಂತ ಮೊದಲೇ ಬಂದ ಕೋಷ್ಟಕ ತನ್ನದಲ್ಲದ ಕೆಲಸಕ್ಕೆ ಸಿಕ್ಕಿಬಿದ್ದದ್ದು ಈ ವಿಳಂಬದ ಒಂದು ಕಾರಣ. ಅದಕ್ಕಿಂತ ಆಳದ ಕಾರಣ ರಚನೆಯಲ್ಲೇ ಇದೆ: ಎಚ್‌ಟಿಎಂಎಲ್‌ನಲ್ಲಿ ಕೋಶಗಳು ಅಡ್ಡಸಾಲಿನ ಒಳಗೆ ಇರುತ್ತವೆ, ಕಂಬಸಾಲಿನ ಒಳಗಲ್ಲ. ಎರಡು ದಿಕ್ಕಿನ ವಸ್ತುವನ್ನು ಒಂದೇ ದಿಕ್ಕಿನಲ್ಲಿ ಬರೆದಿಟ್ಟದ್ದರ ಫಲವನ್ನು ವಿನ್ಯಾಸಕರು ಇಂದಿಗೂ ಉಣ್ಣುತ್ತಿದ್ದಾರೆ.

ಹುಟ್ಟು

ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ರೂಪಿಸಿದ ಮೊದಲ ಎಚ್‌ಟಿಎಂಎಲ್‌ನಲ್ಲಿ ಕೋಷ್ಟಕವೇ ಇರಲಿಲ್ಲ. ಅಂಕಿಗಳನ್ನು ಸಾಲಾಗಿ ತೋರಿಸಬೇಕಾದವರು ಪ್ರಿ ಎಂಬ ಟ್ಯಾಗಿನೊಳಗೆ, ಟೈಪ್‌ರೈಟರಿನಲ್ಲಿ ಹೊಡೆದಂತೆ, ಖಾಲಿಜಾಗಗಳನ್ನು ಎಣಿಸಿ ಹೊಂದಿಸಬೇಕಿತ್ತು. ಕೋಷ್ಟಕದ ಪ್ರಸ್ತಾಪವನ್ನು ಮುಂದಿಟ್ಟವರು ಬ್ರಿಸ್ಟಲ್ ನಗರದ ಎಚ್‌ಪಿ ಪ್ರಯೋಗಾಲಯದಲ್ಲಿದ್ದ ಡೇವ್ ರ‍್ಯಾಗೆಟ್. 1993ರ ಎಚ್‌ಟಿಎಂಎಲ್ ಪ್ಲಸ್ ಕರಡಿನಲ್ಲಿ, ಆಮೇಲೆ 1995ರ ಎಚ್‌ಟಿಎಂಎಲ್ 3.0 ಕರಡಿನಲ್ಲಿ ಅವರು ಅದನ್ನು ವಿಸ್ತರಿಸಿದರು. 3.0 ಅಂತಿಮ ರೂಪ ಕಾಣದೆ ನಿಂತುಹೋಯಿತು. ಆದರೆ ನೆಟ್‌ಸ್ಕೇಪ್ ಕಾಯುತ್ತ ಕೂರಲಿಲ್ಲ. 1995ರಲ್ಲಿ ಬಂದ ನ್ಯಾವಿಗೇಟರ್ 1.1 ಕೋಷ್ಟಕಗಳನ್ನು ಬಿಡಿಸತೊಡಗಿತು; ಜೊತೆಗೆ ಬಾರ್ಡರ್, ಸೆಲ್‌ಪ್ಯಾಡಿಂಗ್, ಸೆಲ್‌ಸ್ಪೇಸಿಂಗ್, ವಿಡ್ತ್ ಎಂಬ ಗುಣಸೂಚಕಗಳನ್ನು ಟ್ಯಾಗಿನ ಒಳಗೇ ಬರೆಯುವ ಪದ್ಧತಿಯನ್ನೂ ತಂದಿತು. 1996ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 1942 ಎಂಬ ದಾಖಲೆಯಾಗಿ ರ‍್ಯಾಗೆಟ್ಟರ ಮಾದರಿ ಪ್ರಕಟವಾಯಿತು. ಅದರ ಸರಳ ಭಾಗವನ್ನು 1997ರ ಜನವರಿಯ ಎಚ್‌ಟಿಎಂಎಲ್ 3.2 ಒಪ್ಪಿಕೊಂಡಿತು.

ಅದೇ ವರ್ಷ ಡಿಸೆಂಬರ್‌ನಲ್ಲಿ ಬಂದ ಎಚ್‌ಟಿಎಂಎಲ್ 4.0 ಕೋಷ್ಟಕವನ್ನು ತಲೆ, ಒಡಲು, ಅಡಿ ಎಂದು ವಿಂಗಡಿಸಿತು. ಕಂಬಸಾಲುಗಳನ್ನು ಗುರುತಿಸಲು ಕಾಲ್ ಮತ್ತು ಕಾಲ್‌ಗ್ರೂಪ್ ಟ್ಯಾಗುಗಳನ್ನು ಕೊಟ್ಟಿತು. ಈ ಮಾದರಿಯ ಹಿಂದೆ ಅಮೆರಿಕದ ರಕ್ಷಣಾ ಇಲಾಖೆಯ ತಾಂತ್ರಿಕ ಕೈಪಿಡಿಗಳಿಗಾಗಿ ಬೆಳೆದಿದ್ದ ಕ್ಯಾಲ್ಸ್ ಪದ್ಧತಿಯ ನೆರಳಿದೆ. ಅಡಿಯ ಭಾಗವನ್ನು ಒಡಲಿಗಿಂತ ಮೊದಲೇ ಬರೆಯಬೇಕು ಎಂಬ ವಿಚಿತ್ರ ನಿಯಮವೂ 4.0ರಲ್ಲಿತ್ತು. ನಿಧಾನದ ಸಂಪರ್ಕದಲ್ಲಿ ಸಾವಿರ ಸಾಲುಗಳು ಬಂದು ಮುಗಿಯುವ ಮೊದಲೇ ಮೇಲು-ಕೆಳಗಿನ ಶೀರ್ಷಿಕೆಗಳನ್ನು ಬಿಡಿಸಲು ಬ್ರೌಸರಿಗೆ ಅನುಕೂಲವಾಗಲಿ ಎಂಬುದು ಅದರ ಉದ್ದೇಶ.

ಮನೆಕಟ್ಟಲು ಬಳಕೆಯಾದ ಕೋಷ್ಟಕ

ಹಾಕೋನ್ ವಿಯುಮ್ ಲೀ ಸ್ಟೈಲ್‌ಶೀಟಿನ ಪ್ರಸ್ತಾಪವನ್ನು ಸರ್ನ್‌ನಲ್ಲಿದ್ದಾಗಲೇ, 1994ರ ಅಕ್ಟೋಬರ್ 10ರಂದು ಪ್ರಕಟಿಸಿದ್ದರು. ಬರ್ಟ್ ಬಾಸ್ ಅವರ ಜೊತೆಗೂಡಿ ಅದನ್ನು ಬೆಳೆಸಿದರು. 1996ರ ಡಿಸೆಂಬರ್ 17ರಂದು ಸಿಎಸ್‌ಎಸ್ ಮೊದಲ ಹಂತ ಶಿಫಾರಸಿನ ಸ್ಥಾನ ಪಡೆಯಿತು. ಅಕ್ಷರ, ಬಣ್ಣ, ಅಂಚು, ಅಂತರ ಎಲ್ಲವೂ ಅದರಲ್ಲಿದ್ದವು. ಕೋಷ್ಟಕಕ್ಕೇ ಮೀಸಲಾದ ಒಂದು ಸೂತ್ರವೂ ಇರಲಿಲ್ಲ. ಪುಟವನ್ನು ಎರಡು ಮೂರು ಅಂಕಣಗಳಾಗಿ ಹಂಚಲು ನೇರವಾದ ದಾರಿಯೂ ಇರಲಿಲ್ಲ.

ಈ ಖಾಲಿಜಾಗಕ್ಕೆ ಕೋಷ್ಟಕವೇ ನುಗ್ಗಿತು. ಬಾರ್ಡರ್ ಸೊನ್ನೆ ಎಂದು ಬರೆದರೆ ಗೆರೆ ಮಾಯ, ಉಳಿಯುವುದು ಅದೃಶ್ಯವಾದ ಚೌಕಟ್ಟು. ಎಡಗಡೆಯ ಕೋಶದಲ್ಲಿ ಕೊಂಡಿಗಳು, ಬಲಗಡೆ ಲೇಖನ, ಮೇಲೆ ಲಾಂಛನ. ಡೇವಿಡ್ ಸೀಗಲ್ 1996ರಲ್ಲಿ ಬರೆದ ಕ್ರಿಯೇಟಿಂಗ್ ಕಿಲ್ಲರ್ ವೆಬ್ ಸೈಟ್ಸ್ ಎಂಬ ಪುಸ್ತಕ ಈ ತಂತ್ರವನ್ನು, ಅದರೊಂದಿಗೆ ಒಂದೇ ಪಿಕ್ಸೆಲ್ಲಿನ ಪಾರದರ್ಶಕ ಜಿಐಎಫ್ ಚಿತ್ರವನ್ನು ಎಳೆದು ಹಿಗ್ಗಿಸಿ ಅಂತರ ಹೊಂದಿಸುವ ಉಪಾಯವನ್ನು, ವಿನ್ಯಾಸಕರ ಪಾಠವನ್ನಾಗಿ ಮಾಡಿತು. ಮರುವರ್ಷವೇ ಸೀಗಲ್ ತಾನು ವೆಬ್ಬನ್ನು ಹಾಳುಮಾಡಿದೆ ಎಂದು ಒಪ್ಪಿಕೊಂಡು ಒಂದು ಲೇಖನ ಬರೆದರು. ಆ ಹೊತ್ತಿಗೆ ತಂತ್ರ ಎಲ್ಲರ ಕೈಗೆ ಹೋಗಿಯಾಗಿತ್ತು.

ಕೋಷ್ಟಕದೊಳಗೆ ಕೋಷ್ಟಕ, ಅದರೊಳಗೆ ಮತ್ತೊಂದು ಎಂಬಂಥ ಪುಟಗಳು ಬ್ರೌಸರಿನ ಮೇಲೆ ಹೊರೆಯಾದವು. ಕಂಬಸಾಲಿನ ಅಗಲ ಒಳಗಿನ ಪಠ್ಯಕ್ಕೆ ತಕ್ಕಂತೆ ನಿರ್ಧಾರವಾಗುವುದರಿಂದ ಎಲ್ಲ ಕೋಶಗಳನ್ನು ಓದಿ ಮುಗಿಸದೆ ಅಳತೆ ಸಿಗುವುದಿಲ್ಲ. ನೆಟ್‌ಸ್ಕೇಪ್ 4ರಲ್ಲಿ ಮುಕ್ತಾಯದ ಟ್ಯಾಗ್ ಮರೆತರೆ ಇಡೀ ಕೋಷ್ಟಕವೇ ತೆರೆಗೆ ಬರುತ್ತಿರಲಿಲ್ಲ. ಪುಟವೆಲ್ಲ ಕೋಷ್ಟಕದಲ್ಲೇ ಇದ್ದರೆ ಓದುಗನಿಗೆ ಕಾಣುತ್ತಿದ್ದದ್ದು ಖಾಲಿ ಪರದೆ. ಅದೇ ಬ್ರೌಸರಿನಲ್ಲಿ ಪುಟಕ್ಕೆಂದು ಕೊಟ್ಟ ಅಕ್ಷರಶೈಲಿ ಕೋಷ್ಟಕದ ಒಳಕ್ಕೆ ಇಳಿಯುತ್ತಿರಲಿಲ್ಲವಾದ್ದರಿಂದ ಬಾಡಿ, ಟಿಡಿ, ಟಿಎಚ್ ಮೂರಕ್ಕೂ ಬೇರೆಬೇರೆಯಾಗಿ ಹೇಳುವ ರೂಢಿ ಬೆಳೆಯಿತು. ಹಳೆಯ ಪುಟಗಳು ಕೆಡದಿರಲೆಂದು ಇಂದಿನ ಬ್ರೌಸರುಗಳೂ ಕ್ವಿರ್ಕ್ಸ್ ಮೋಡಿನಲ್ಲಿ, ಅಂದರೆ ಡಾಕ್‌ಟೈಪ್ ಇಲ್ಲದ ಪುಟಗಳಲ್ಲಿ, ಕೋಷ್ಟಕದೊಳಗಿನ ಅಕ್ಷರದ ಅಳತೆಯನ್ನು ಹೊರಗಿನಿಂದ ಪಡೆಯುವುದಿಲ್ಲ. ಅಂದಿನ ದೋಷವೊಂದು ಹೀಗೆ ಶಾಶ್ವತ ನಿಯಮವಾಗಿ ಉಳಿದಿದೆ.

ನಿಜವಾದ ಅಂಕಿಅಂಶದ ಕೋಷ್ಟಕಗಳ ಪಾಡು ಇನ್ನೂ ಸ್ವಾರಸ್ಯಕರ. ಬ್ರೌಸರುಗಳು ತಾವಾಗಿ ಎಳೆಯುತ್ತಿದ್ದದ್ದು ಉಬ್ಬುತಗ್ಗಿನ ಭ್ರಮೆ ಹುಟ್ಟಿಸುವ ದಪ್ಪ ಗೆರೆ. ಅಚ್ಚಿನಲ್ಲಿ ಕಾಣುವಂಥ ತೆಳುಗೆರೆ ಬೇಕೆಂದರೆ ಇಡೀ ಕೋಷ್ಟಕಕ್ಕೆ ಕಪ್ಪು ಹಿನ್ನೆಲೆ, ಪ್ರತಿ ಕೋಶಕ್ಕೆ ಬಿಳಿ ಹಿನ್ನೆಲೆ, ನಡುವೆ ಒಂದು ಪಿಕ್ಸೆಲ್ ಅಂತರ. ಸಂದಿಯಲ್ಲಿ ಇಣುಕುವ ಕಪ್ಪೇ ಗೆರೆಯಾಗಿ ಕಾಣುತ್ತಿತ್ತು. ಗೆರೆಯೇ ಇಲ್ಲದ ಗೆರೆ!

ಸಿಎಸ್‌ಎಸ್ 2: ಗೆರೆಗಳ ಜಗಳ, ಕಂಬಗಳ ಸಂಕಟ

1998ರ ಮೇ 12ರಂದು ಬಂದ ಸಿಎಸ್‌ಎಸ್ ಎರಡನೆಯ ಹಂತದ ಹದಿನೇಳನೆಯ ಅಧ್ಯಾಯ ಕೋಷ್ಟಕಕ್ಕೇ ಮೀಸಲು. ಇಂದು ಬಳಕೆಯಲ್ಲಿರುವ ಸೂತ್ರಗಳಲ್ಲಿ ಹೆಚ್ಚಿನವು ಅಲ್ಲಿಯವೇ: ಅಕ್ಕಪಕ್ಕದ ಗೆರೆಗಳನ್ನು ಒಂದಾಗಿಸುವ ಬಾರ್ಡರ್-ಕೊಲ್ಯಾಪ್ಸ್, ಕೋಶಗಳ ನಡುವೆ ಅಂತರ ಕೊಡುವ ಬಾರ್ಡರ್-ಸ್ಪೇಸಿಂಗ್, ಖಾಲಿ ಕೋಶವನ್ನು ಮರೆಮಾಡುವ ಎಂಪ್ಟಿ-ಸೆಲ್ಸ್, ಶೀರ್ಷಿಕೆಯ ಜಾಗ ಹೇಳುವ ಕ್ಯಾಪ್ಷನ್-ಸೈಡ್. ಟೇಬಲ್-ಲೇಔಟ್ ಫಿಕ್ಸೆಡ್ ಎಂದರೆ ಬ್ರೌಸರ್ ಮೊದಲ ಸಾಲನ್ನೋ ಕಾಲ್ ಟ್ಯಾಗುಗಳನ್ನೋ ನೋಡಿ ಅಗಲ ತೀರ್ಮಾನಿಸಿಬಿಡುತ್ತದೆ. ಉಳಿದ ಸಾಲುಗಳಿಗಾಗಿ ಕಾಯುವುದಿಲ್ಲ.

ಗೆರೆಗಳನ್ನು ಒಂದಾಗಿಸುವುದು ಕೇಳಲು ಸುಲಭ. ಎರಡು ಕೋಶಗಳ ನಡುವಿನ ಗೆರೆ ಯಾರದು ಎಂಬ ವ್ಯಾಜ್ಯ ಅಲ್ಲೇ ಶುರುವಾಗುತ್ತದೆ. ಒಂದು ಕೋಶ ಕೆಂಪು ಗೆರೆ ಕೇಳಿದೆ, ಪಕ್ಕದ್ದು ನೀಲಿ ಕೇಳಿದೆ, ಸಾಲಿಗೂ ಒಂದು ಗೆರೆ, ಇಡೀ ಕೋಷ್ಟಕಕ್ಕೂ ಒಂದು. ಸಿಎಸ್‌ಎಸ್ 2 ಇದಕ್ಕೆ ತೀರ್ಪಿನ ಕ್ರಮವನ್ನೇ ಬರೆದಿಟ್ಟಿತು. ಹಿಡನ್ ಎಂದು ಯಾರಾದರೂ ಹೇಳಿದ್ದರೆ ಅಲ್ಲಿ ಗೆರೆಯೇ ಇಲ್ಲ. ಇಲ್ಲವಾದರೆ ದಪ್ಪನೆಯದು ಗೆಲ್ಲುತ್ತದೆ. ದಪ್ಪವೂ ಸಮವಾದರೆ ಜೋಡಿಗೆರೆ, ಆಮೇಲೆ ಏಕಗೆರೆ, ಆಮೇಲೆ ತುಂಡುಗೆರೆ, ಚುಕ್ಕಿಗೆರೆ ಎಂಬ ಶ್ರೇಣಿ. ಶೈಲಿಯೂ ಒಂದೇ ಆಗಿ ಬಣ್ಣ ಮಾತ್ರ ಬೇರೆಯಾದರೆ ಕೋಶದ ಮಾತು ಸಾಲಿನ ಮಾತಿಗಿಂತ ಮೇಲು, ಸಾಲಿನದು ಕಂಬದ್ದಕ್ಕಿಂತ ಮೇಲು, ಕೋಷ್ಟಕದ್ದು ಎಲ್ಲಕ್ಕಿಂತ ಕೆಳಗೆ. ನಿಯಮ ಸ್ಪಷ್ಟವಾಗಿದ್ದರೂ ನಾಲ್ಕು ಕೋಶಗಳು ಸೇರುವ ಮೂಲೆಯಲ್ಲಿ ಏನಾಗಬೇಕೆಂಬುದನ್ನು ಪೂರ್ತಿ ಹೇಳಲಿಲ್ಲ. ಬ್ರೌಸರುಗಳು ತಮತಮಗೆ ತೋಚಿದಂತೆ ಮೂಲೆ ತುಂಬಿದವು. 1998ರ ಆವೃತ್ತಿ ಗೆರೆ ಕೂಡಿಸುವುದನ್ನೇ ಸಹಜಸ್ಥಿತಿ ಎಂದಿತ್ತು. ಬ್ರೌಸರುಗಳು ಹಾಗೆ ನಡೆದುಕೊಳ್ಳದ ಕಾರಣ 2.1 ಆವೃತ್ತಿ ಅದನ್ನು ತಿರುವುಮುರುವು ಮಾಡಿತು. ಪ್ರತಿ ಸ್ಟೈಲ್‌ಶೀಟಿನಲ್ಲೂ ಬಾರ್ಡರ್-ಕೊಲ್ಯಾಪ್ಸ್ ಎಂದು ಒಂದು ಸಾಲು ಬರೆಯಬೇಕಾಗಿರುವುದು ಇದರಿಂದಲೇ.

ಕಂಬಸಾಲಿನ ಕಥೆ ಇದಕ್ಕಿಂತ ಕಷ್ಟದ್ದು. ಸಿಎಸ್‌ಎಸ್‌ನಲ್ಲಿ ಅಕ್ಷರದ ಬಣ್ಣ, ಎಡ-ಬಲ ಜೋಡಣೆ ಮುಂತಾದ ಗುಣಗಳು ಹೊರಗಿನ ಅಂಶದಿಂದ ಒಳಗಿನದಕ್ಕೆ ಇಳಿದುಬರುತ್ತವೆ. ಕೋಶ ಇರುವುದು ಅಡ್ಡಸಾಲಿನೊಳಗೆ; ಕಾಲ್ ಟ್ಯಾಗ್ ಬೇರೆಡೆ ಒಂಟಿಯಾಗಿ ನಿಂತಿರುತ್ತದೆ. ಆದ್ದರಿಂದ ಕಂಬದ ಗುಣ ಕೋಶಕ್ಕೆ ಇಳಿಯುವ ದಾರಿಯೇ ಇಲ್ಲ. ಸಿಎಸ್‌ಎಸ್ 2 ನಾಲ್ಕೇ ನಾಲ್ಕು ಸಂಗತಿಗಳನ್ನು ಕಂಬಕ್ಕೆ ಅನ್ವಯಿಸಲು ಬಿಟ್ಟಿತು: ಗೆರೆ, ಹಿನ್ನೆಲೆ, ಅಗಲ, ಗೋಚರತೆ. ಹಿನ್ನೆಲೆಗಾಗಿ ಆರು ಪದರಗಳ ಕಲ್ಪನೆಯೊಂದನ್ನು ಮುಂದಿಟ್ಟಿತು. ತಳದಲ್ಲಿ ಕೋಷ್ಟಕ, ಅದರ ಮೇಲೆ ಕಂಬಗಳ ಗುಂಪು, ಕಂಬ, ಸಾಲುಗಳ ಗುಂಪು, ಸಾಲು, ಎಲ್ಲಕ್ಕಿಂತ ಮೇಲೆ ಕೋಶ. ಮೇಲಿನ ಪದರ ಪಾರದರ್ಶಕವಾಗಿದ್ದಲ್ಲಿ ಕೆಳಗಿನದು ಕಾಣುತ್ತದೆ. ಆದರೆ ಬೆಲೆಯ ಕಂಬವನ್ನು ಬಲಕ್ಕೆ ಜೋಡಿಸುವ ದಿನನಿತ್ಯದ ಕೆಲಸಕ್ಕೆ ಇದರಿಂದ ಉಪಯೋಗವಿಲ್ಲ. ಎಚ್‌ಟಿಎಂಎಲ್ 4 ಕಾಲ್ ಟ್ಯಾಗಿಗೆ ಅಲೈನ್ ಗುಣಸೂಚಕ ಕೊಟ್ಟಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಅದನ್ನು ಪಾಲಿಸಿತು, ಮೊಜಿಲ್ಲಾ ಪಾಲಿಸಲಿಲ್ಲ. ಮೊಜಿಲ್ಲಾದ ದೋಷಪಟ್ಟಿಯಲ್ಲಿ 915ನೇ ಸಂಖ್ಯೆ ಪಡೆದ ಆ ದೂರು ವರ್ಷಗಟ್ಟಲೆ ಇತ್ಯರ್ಥವಾಗದೆ ಪ್ರಸಿದ್ಧವಾಯಿತು.

ಕೋಷ್ಟಕ ಬಿಡಿ ಎಂಬ ಚಳವಳಿ

1998ರಲ್ಲಿ ಹುಟ್ಟಿದ ವೆಬ್ ಸ್ಟ್ಯಾಂಡರ್ಡ್ಸ್ ಪ್ರಾಜೆಕ್ಟ್ ಬ್ರೌಸರ್ ಕಂಪನಿಗಳ ಮೇಲೆ ಒತ್ತಡ ಹೇರಿತು. 2002ರಲ್ಲಿ ವೈರ್ಡ್ ನ್ಯೂಸ್ ಡಗ್ಲಸ್ ಬೋಮನ್ನರ ಕೈಯಲ್ಲಿ ಕೋಷ್ಟಕವಿಲ್ಲದ ವಿನ್ಯಾಸಕ್ಕೆ ಬದಲಾಯಿತು. 2003ರ ಮೇ ತಿಂಗಳಲ್ಲಿ ಡೇವ್ ಶೇ ಆರಂಭಿಸಿದ ಸಿಎಸ್‌ಎಸ್ ಝೆನ್ ಗಾರ್ಡನ್ ಒಂದೇ ಎಚ್‌ಟಿಎಂಎಲ್ ಪುಟಕ್ಕೆ ನೂರಾರು ವೇಷ ತೊಡಿಸಿ ತೋರಿಸಿತು. ಆ ಪುಟದಲ್ಲಿ ಒಂದು ಕೋಷ್ಟಕವೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಚಳವಳಿಯ ಉತ್ಸಾಹದಲ್ಲಿ ಕೆಲವರು ಅಂಕಿಅಂಶವನ್ನೂ ಡಿವ್ ಎಂಬ ಸಾಮಾನ್ಯ ಟ್ಯಾಗುಗಳಲ್ಲಿ ಜೋಡಿಸತೊಡಗಿದರು. ಪರದೆ ಓದುವ ತಂತ್ರಾಂಶ ಬಳಸುವ ಅಂಧ ಓದುಗರಿಗೆ ಶೀರ್ಷಿಕೆ ಯಾವುದು, ಅಂಕಿ ಯಾವುದಕ್ಕೆ ಸೇರಿದ್ದು ಎಂಬ ಸುಳಿವೇ ಹೀಗೆ ತಪ್ಪಿಹೋಯಿತು. ಕೋಷ್ಟಕವನ್ನು ವಿನ್ಯಾಸಕ್ಕೆ ಬಳಸಿದ್ದಕ್ಕಿಂತ ಇದು ದೊಡ್ಡ ತಪ್ಪು.

ಕೋಷ್ಟಕದ ಜೋಡಣೆಯ ಗುಣವನ್ನು ಯಾವ ಟ್ಯಾಗಿಗಾದರೂ ಕೊಡಬಲ್ಲ ಡಿಸ್‌ಪ್ಲೇ ಟೇಬಲ್ ಸೂತ್ರ 1998ರಲ್ಲೇ ಇದ್ದರೂ ಎಕ್ಸ್‌ಪ್ಲೋರರ್ ಅದನ್ನು ಕಲಿತದ್ದು 2009ರ 8ನೇ ಆವೃತ್ತಿಯಲ್ಲಿ. ಬಾರ್ಡರ್-ಸ್ಪೇಸಿಂಗ್ ಕೂಡ 7ರವರೆಗೆ ಅದಕ್ಕೆ ಗೊತ್ತಿರಲಿಲ್ಲ. ಅಲ್ಲಿಯತನಕ ಅತಿ ಶುದ್ಧಾಚಾರದ ವಿನ್ಯಾಸಕರೂ ಸೆಲ್‌ಸ್ಪೇಸಿಂಗ್ ಸೊನ್ನೆ ಎಂದು ಟ್ಯಾಗಿನಲ್ಲಿ ಬರೆಯಲೇಬೇಕಿತ್ತು. 2014ರ ಎಚ್‌ಟಿಎಂಎಲ್5 ಇಂಥ ಅಲಂಕಾರದ ಗುಣಸೂಚಕಗಳನ್ನು ಬಳಕೆ ತಪ್ಪಿದವೆಂದು ಸಾರಿತು. ಪುಟವನ್ನು ಹಂಚುವ ಕೆಲಸ 2017ರಲ್ಲಿ ಪ್ರಮುಖ ಬ್ರೌಸರುಗಳಿಗೆ ಬಂದ ಗ್ರಿಡ್ ಸೂತ್ರದ ಪಾಲಾಯಿತು. ಇಮೇಲ್ ಮಾತ್ರ ಹಳೆಯ ಲೋಕದಲ್ಲೇ ಉಳಿಯಿತು. 2007ರ ಔಟ್‌ಲುಕ್ ವರ್ಡ್‌ನ ಯಂತ್ರದಿಂದ ಎಚ್‌ಟಿಎಂಎಲ್ ಬಿಡಿಸತೊಡಗಿದ್ದರಿಂದ ಬ್ಯಾಂಕು, ಅಂಗಡಿಗಳ ಇಮೇಲುಗಳನ್ನು ಕೋಷ್ಟಕದೊಳಗೆ ಕೋಷ್ಟಕವಿಟ್ಟೇ ಕಟ್ಟುವ ರೂಢಿ ಮುಂದುವರಿಯಿತು.

ಪಟ್ಟೆ, ಸಣ್ಣ ಪರದೆ

ಒಂದು ಬಿಟ್ಟು ಒಂದು ಸಾಲಿಗೆ ತಿಳಿಬಣ್ಣ ಹಚ್ಚುವ ರೂಢಿ ಕಂಪ್ಯೂಟರ್ ಪ್ರಿಂಟರಿನ ಹಸಿರುಪಟ್ಟೆ ಕಾಗದದಿಂದ ಬಂದದ್ದು. ಜಾಲಪುಟದಲ್ಲಿ ಇದನ್ನು ಮೊದಲು ಸರ್ವರಿನ ಪ್ರೋಗ್ರಾಂ, ಆಮೇಲೆ ಜಾವಾಸ್ಕ್ರಿಪ್ಟ್ ಮಾಡುತ್ತಿತ್ತು. 2011ರಲ್ಲಿ ಶಿಫಾರಸಾದ ಸೆಲೆಕ್ಟರ್ಸ್ ಮೂರನೆಯ ಹಂತದ ಎನ್‌ಟಿಎಚ್-ಚೈಲ್ಡ್ ಇದನ್ನು ಒಂದೇ ಸಾಲಿನ ಕೆಲಸ ಮಾಡಿತು. ಕಂಬವನ್ನು ಬಲಕ್ಕೆ ಜೋಡಿಸುವ ಹಳೆಯ ಕಗ್ಗಂಟೂ ಇದರಿಂದಲೇ ಸಡಿಲವಾಯಿತು: ಪ್ರತಿ ಸಾಲಿನ ಮೂರನೆಯ ಕೋಶ ಎಂದು ಹೇಳಿದರೆ ಮೂರನೆಯ ಕಂಬ ಸಿಕ್ಕಂತೆಯೇ. ಎರಡು ಕಂಬಗಳ ಮೇಲೆ ಚಾಚಿದ ಕೋಶವೊಂದಿದ್ದರೆ ಮಾತ್ರ ಎಣಿಕೆ ತಪ್ಪುತ್ತದೆ. ಪಟ್ಟೆಯಿಂದ ಓದು ಸುಲಭವಾಗುತ್ತದೆಯೇ ಎಂದು ಜೆಸಿಕಾ ಎಂಡರ್ಸ್ 2008ರಲ್ಲಿ ಪರೀಕ್ಷಿಸಿದಾಗ ಸಿಕ್ಕ ಲಾಭ ನಂಬಿಕೆಗಿಂತ ಬಹಳ ಕಡಿಮೆ. ರೂಢಿ ಅದರಿಂದೇನೂ ಕದಲಲಿಲ್ಲ.

ಮೊಬೈಲ್ ಬಂದ ಮೇಲೆ ಅಗಲದ ಕೋಷ್ಟಕವೇ ಸಮಸ್ಯೆಯಾಯಿತು. ಪ್ರತಿ ಸಾಲನ್ನು ಒಂದು ಕಾರ್ಡಾಗಿ ಒಡೆದು ಶೀರ್ಷಿಕೆಯನ್ನು ಕೋಶದ ಪಕ್ಕದಲ್ಲಿ ತೋರಿಸುವ ಉಪಾಯ 2011ರ ಹೊತ್ತಿಗೆ ಜನಪ್ರಿಯವಾಯಿತು. ಡಿಸ್‌ಪ್ಲೇ ಬದಲಾದರೆ ಬ್ರೌಸರ್ ಅದನ್ನು ಕೋಷ್ಟಕವೆಂದು ಪರದೆ ಓದುವ ತಂತ್ರಾಂಶಕ್ಕೆ ಹೇಳುವುದನ್ನೇ ನಿಲ್ಲಿಸಬಹುದೆಂದು ಆಮೇಲೆ ತಿಳಿಯಿತು. ಕೋಷ್ಟಕವನ್ನು ಹಾಗೆಯೇ ಬಿಟ್ಟು ಅಡ್ಡಲಾಗಿ ಸರಿಸಲು ಅವಕಾಶ ಕೊಡುವುದೇ ಇಂದಿಗೂ ಹೆಚ್ಚು ಸುರಕ್ಷಿತ.

ಕನ್ನಡ ಪಠ್ಯಕ್ಕೆ ಇಲ್ಲಿ ತನ್ನದೇ ತೊಡಕಿದೆ. ಕಂಬದ ಕನಿಷ್ಠ ಅಗಲವನ್ನು ಅದರ ಅತಿ ಉದ್ದದ ಪದ ನಿರ್ಧರಿಸುತ್ತದೆ. ವಿಭಕ್ತಿ, ಸಂಧಿ, ಸಮಾಸಗಳು ಸೇರಿ ‘ಗ್ರಾಮಪಂಚಾಯಿತಿಗಳಲ್ಲಿರುವಂಥ’ ಎಂಬ ಒಂದು ಪದ ಬಂದರೆ ಸಾಕು, ಪಕ್ಕದ ಕಂಬಗಳು ಕುಗ್ಗುತ್ತವೆ. ಒತ್ತಾಯದಿಂದ ಒಡೆಯಲು ಹೇಳಿದರೆ ಪದ ಎಲ್ಲೆಂದರಲ್ಲಿ ತುಂಡಾಗುತ್ತದೆ. ಇಂಗ್ಲಿಷಿಗೆ ಸಾಕಾಗುವ ಸಾಲಿನೆತ್ತರದಲ್ಲಿ ಒತ್ತಕ್ಷರಗಳು ಕೆಳಗಿನ ಗೆರೆಗೆ ತಾಗುವುದೂ ಸಾಮಾನ್ಯ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಕೋಷ್ಟಕಗಳು ಬೇರೆ ಭಾಷೆಗಳ ವಿಕಿಪೀಡಿಯಗಳಲ್ಲಿರುವ ವಿಕಿಟೇಬಲ್ ಶೈಲಿಯನ್ನೇ ಬಳಸುವುದರಿಂದ, ಬೂದು ತಲೆಸಾಲು ಮತ್ತು ಕೂಡಿದ ತೆಳುಗೆರೆಯ ಆ ರೂಪ ಕನ್ನಡ ಓದುಗರಿಗೂ ಪರಿಚಿತ.

ಬಾಕಿ ಉಳಿದದ್ದು

ಸಿಎಸ್‌ಎಸ್ 2.1 ಶಿಫಾರಸಾದದ್ದು 2011ರ ಜೂನ್ 7ರಂದು. ಪಠ್ಯಕ್ಕೆ ತಕ್ಕಂತೆ ಅಗಲ ಲೆಕ್ಕಹಾಕುವ ವಿಧಾನವನ್ನು ಅದು ವಿವರಿಸಿದರೂ ಬ್ರೌಸರುಗಳು ಪಾಲಿಸಲೇಬೇಕೆಂದು ಹೇಳಲಿಲ್ಲ. ಅತಿ ಹೆಚ್ಚು ಬಳಕೆಯಲ್ಲಿರುವ ಲೆಕ್ಕವೇ ಹೀಗೆ ಶಾಸನದ ಹೊರಗೆ ಉಳಿಯಿತು. ಬ್ರೌಸರುಗಳ ನಡತೆಯನ್ನು ನೋಡಿ ನಿಯಮ ಬರೆಯುವ, ಕೋಷ್ಟಕಗಳಿಗೆ ಸಂಬಂಧಿಸಿದ ಮೂರನೆಯ ಹಂತದ ಕರಡು 2016ರಲ್ಲಿ ಹೊರಬಂತು. 2021ರಲ್ಲಿ ಕ್ರೋಮ್ 91 ತನ್ನ ಹಳೆಯ ಕೋಷ್ಟಕ ಯಂತ್ರವನ್ನು ಕಿತ್ತು ಹೊಸದನ್ನು ಕೂರಿಸಿತು. ಪುಟ ಸರಿಸಿದರೂ ತಲೆಸಾಲು ಇಡಿಯಾಗಿ ಮೇಲೇ ಅಂಟಿಕೊಂಡು ನಿಲ್ಲುವ ಸೌಲಭ್ಯ ಅದರಲ್ಲಿ ಆಗಲೇ ಬಂದದ್ದು.

ದಶಮಾಂಶ ಬಿಂದುಗಳನ್ನು ಒಂದರ ಕೆಳಗೆ ಒಂದು ಬರುವಂತೆ ಜೋಡಿಸುವುದು ಮಾತ್ರ ಇನ್ನೂ ಆಗಿಲ್ಲ. ಎಚ್‌ಟಿಎಂಎಲ್ 4 ಅದಕ್ಕೊಂದು ಗುಣಸೂಚಕ ಕೊಟ್ಟಿತ್ತು, 1998ರ ಸಿಎಸ್‌ಎಸ್ 2 ಒಂದು ಸೂತ್ರ ಕೊಟ್ಟಿತ್ತು. ಬ್ರೌಸರುಗಳು ಕೈಗೆತ್ತಿಕೊಳ್ಳದ ಕಾರಣ 2.1 ಅದನ್ನು ಕೈಬಿಟ್ಟಿತು. ಪಠ್ಯಕ್ಕೆ ಸಂಬಂಧಿಸಿದ ನಾಲ್ಕನೆಯ ಹಂತದ ಕರಡಿನಲ್ಲಿ ಅದೇ ಸೂತ್ರ ಮತ್ತೆ ಕಾಣಿಸಿಕೊಂಡಿದೆ. ಸದ್ಯಕ್ಕೆ ಲೆಕ್ಕಪತ್ರ ತೋರಿಸುವವರು ಸಮಾನ ಅಗಲದ ಅಂಕಿಗಳಿಗಾಗಿ ಟ್ಯಾಬ್ಯುಲರ್-ನಮ್ಸ್ ಬಳಸಿ, ಬಿಂದುವಿನ ನಂತರದ ಸ್ಥಾನಗಳನ್ನು ಸೊನ್ನೆಯಿಂದ ಭರ್ತಿಮಾಡಿ, ಕೋಶವನ್ನು ಬಲಕ್ಕೆ ಜೋಡಿಸುತ್ತಾರೆ.