ಕಿತ್ತೂರಿನ ಪತ್ರವೂ ‘ಹ್ಯಾಡ್’ ಎಂಬ ಪದವೂ



ಕಿತ್ತೂರು ಕೋಟೆಯಲ್ಲಿ ನಮ್ಮ ಚಿತ್ರೀಕರಣ ನಡೆದಿತ್ತು. ರಾಮದುರ್ಗದಿಂದ ಬಂದಿದ್ದ ಕಾಲೇಜು ಹುಡುಗನೊಬ್ಬ ಕ್ಯಾಮರಾದ ಮುಂದೆ, ‘ಐ ಹ್ಯಾಡ್ ಗಾನ್ ಟು ಬೈಲಹೊಂಗಲ ಯೆಸ್ಟರ್‌ಡೇ’ ಎಂದ. ನಮ್ಮಲ್ಲಿ ಯಾರಿಗೂ ತಪ್ಪೆನಿಸಲಿಲ್ಲ. ‘ನಿನ್ನೆ ಹೋಗಿದ್ದೆ’ ಎಂಬ ಕನ್ನಡವೇ ಇಂಗ್ಲಿಷ್ ಅಂಗಿ ತೊಟ್ಟಿತ್ತು! ಇಂಗ್ಲಿಷಿನಲ್ಲಿ ಅಲ್ಲಿ ‘ವೆಂಟ್’ ಸಾಕು. ‘ಹ್ಯಾಡ್’ ಬೇಕಾದರೆ ಕಳೆದ ಕಾಲದಲ್ಲಿ ಎರಡು ಬಿಂದುಗಳಿರಬೇಕು. ಒಂದು ಇನ್ನೊಂದಕ್ಕಿಂತ ಹಿಂದಿನದಾಗಿರಬೇಕು. (ವಿಜ್ಞಾನ ಓದಿದವನು ನಾನು, ವ್ಯಾಕರಣವನ್ನೂ ಗೆರೆ ಎಳೆದೇ ನೋಡುತ್ತೇನೆ.)

ಅಂಥ ಎರಡು ಬಿಂದುಗಳ ಮೇಲೆಯೇ ಆ ಕೋಟೆಯ ಹಣೆಬರಹ ನಿಂತಿತ್ತು. ದೊರೆ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ದತ್ತಕದ ವಿಷಯ ತಿಳಿಸುವ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈಸೇರಿದ್ದು ದೊರೆ ಸತ್ತ ಮೇಲೆ. ಬದುಕಿರುವ ದೊರೆ ಹೇಳುವುದಾದರೆ ‘ಐ ಹ್ಯಾವ್ ಅಡಾಪ್ಟೆಡ್’: ದತ್ತು ತೆಗೆದುಕೊಂಡಿದ್ದೇನೆ, ಮಗ ಈಗ ಇದ್ದಾನೆ. ದೊರೆ ಸತ್ತ ಮೇಲೆ ಅದೇ ಮಾತು ‘ಹೀ ಹ್ಯಾಡ್ ಅಡಾಪ್ಟೆಡ್’ ಆಗುತ್ತದೆ: ಸಾಯುವ ಮುನ್ನವೇ ತೆಗೆದುಕೊಂಡಿದ್ದರು. ಥ್ಯಾಕರೆ ಶಂಕಿಸಿದ್ದು ಈ ‘ಮುನ್ನವೇ’ ಎಂಬುದನ್ನೇ. ಸಹಿ ಮೊದಲೋ, ಸಾವು ಮೊದಲೋ? ಕಂಪನಿ ದತ್ತಕವನ್ನು ಒಪ್ಪಲಿಲ್ಲ. ಚೆನ್ನಮ್ಮ ಮಣಿಯಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಥ್ಯಾಕರೆ ಗುಂಡಿಗೆ ಬಲಿಯಾದ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿದ್ದಿತು. ಸಂಶಯ ನೆಪವೋ, ನಿಜವೋ ಎಂದು ಕೇಳುವಿರಾದರೆ, ನೆಪದ ಪಾಲೇ ಹೆಚ್ಚೆಂದು ನನ್ನ ಅನಿಸಿಕೆ.

ಇನ್ನು ‘ಹ್ಯಾವ್’, ‘ಹ್ಯಾಸ್’. ಇವಕ್ಕೆ ಇಂದಿನ ನಂಟು ಬೇಕು. ಸವದತ್ತಿಯವರು ‘ರೇಣುಕಾಸಾಗರ ತುಂಬಿದೆ’ ಎಂದರೆ ನೀರು ಈಗಲೂ ಇದೆ. ಅದು ‘ಹ್ಯಾಸ್ ಫಿಲ್ಡ್’. ‘ಕಾಲುವೆಗೆ ನೀರು ಬಿಡುವ ಮೊದಲು ತುಂಬಿತ್ತು’ ಎಂದರೆ ‘ಹ್ಯಾಡ್ ಫಿಲ್ಡ್’. ಮುಗಿದ ಇಸವಿ ಹೇಳಿದಿರೋ, ‘ಹ್ಯಾಸ್’ ಜಾಗ ಬಿಡಬೇಕು. ಹುಡುಗನನ್ನು ನೋಡಿ ನಕ್ಕ ನಾನೇ ಆ ರಾತ್ರಿ ಪರದೆಯ ಬರಹಕ್ಕೆ ‘ಚೆನ್ನಮ್ಮ ಹ್ಯಾಸ್ ಡೈಡ್ ಇನ್ 1829’ ಎಂದು ಬರೆದಿದ್ದೆ! ಸಂಕಲನಕಾರರು ಹಿಡಿದರು. ಬೈಲಹೊಂಗಲದ ಸೆರೆಯಲ್ಲಿ ಆಕೆ ‘ಡೈಡ್’, ಅಷ್ಟೇ. ಅಲ್ಲಿನ ಸಮಾಧಿಯ ವಿಷಯಕ್ಕೆ ಮಾತ್ರ ‘ಹ್ಯಾಸ್’ ಸಲ್ಲುತ್ತದೆ: ಊರು ಅದನ್ನು ಇಂದಿಗೂ ಕಾಪಾಡಿಕೊಂಡು ಬಂದಿದೆ.

ಹುಡುಗನ ಮಾತನ್ನು ನಾವು ಕತ್ತರಿಸಲಿಲ್ಲ, ಹಾಗೆಯೇ ಪ್ರಸಾರವಾಯಿತು.